ವೆಂಟಿಲೇಟರ್ ಪೈಪಲ್ಲಿ ಬ್ಯಾಕ್ಟೀರಿಯಾ ಬೆಳ್ದಿದೆ ಅಂದ್ರೆ ಏನ್ಮಾಡ್ಬೇಕು? ಐಸಿಯು ಹೊರಗೆ ಕೂತಿರೋರಿಗೆ

ನಾನು ಕೋಲಾರದಲ್ಲಿ ಐಸಿಯು ನರ್ಸು. ಗೊತ್ತಿರೋರು, ಗೊತ್ತಿರೋರ ಗೊತ್ತಿರೋರು ಎಲ್ಲಾ ಮೆಸೇಜ್ ಮಾಡಿ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಅಕ್ಕಾ, ನಮ್ಮಪ್ಪಂಗೆ ಬಾಯಿಗೆ ಪೈಪ್ ಹಾಕಿದಾರೆ, ಕಫದ ಟೆಸ್ಟಲ್ಲಿ ಏನೋ ಬ್ಯಾಕ್ಟೀರಿಯಾ ಬೆಳ್ದಿದೆಯಂತೆ, ಬಂದಾಗ ಇರ್ಲಿಲ್ಲ ಇಲ್ಲೇ ಬಂತು ಅಂತಿದಾರೆ, ಬೆಂಗಳೂರಿಗೆ ಎತ್ಕೊಂಡು ಹೋಗ್ಬಿಡೋದಾ?" ಮುಳಬಾಗಿಲಿಂದ ಕೇಳ್ತಾರೆ, ಶ್ರೀನಿವಾಸಪುರದಿಂದ ಕೇಳ್ತಾರೆ, ಆ ಕಡೆ ಚಿಂತಾಮಣಿಯಿಂದ್ಲೂ ಕೇಳ್ತಾರೆ. ಎಲ್ರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಒಂದೇ ಕಡೆ ಬರೀತಿದೀನಿ.

ಇದು ಡಾಕ್ಟ್ರ ಬದ್ಲಿಗೆ ಓದೋದಲ್ಲ. ಪೇಶೆಂಟ್ ಹತ್ರ ನಿಂತು ನೋಡ್ತಿರೋ ಡಾಕ್ಟ್ರಿಗೆ ಗೊತ್ತಿರೋದು ನಂಗೆ ಇಲ್ಲಿಂದ ಗೊತ್ತಾಗಲ್ಲ. ಆದ್ರೆ ಅವ್ರು ಎರಡು ನಿಮಿಷದಲ್ಲಿ ಹೇಳಿ ಹೋಗೋ ಮಾತು ನಿಮಗೆ ಅರ್ಥ ಆಗ್ಬೇಕು, ಮತ್ತೆ ನೀವೇನು ಕೇಳ್ಬೇಕು ಅಂತ ಗೊತ್ತಿರ್ಬೇಕು, ಅಷ್ಟಕ್ಕೆ ಇದು.

ಬೇಕಾಗಿರೋದು: ಒಂದು ನೋಟ್‌ಬುಕ್, ಒಂದು ಪೆನ್ನು, ರಿಪೋರ್ಟುಗಳ ಫೋಟೋ ಇಟ್ಕೊಳ್ಳೋಕೆ ಫೋನು, ಮತ್ತೆ ಡಾಕ್ಟ್ರ ಹತ್ರ ಮಾತಾಡೋಕೆ ಮನೆಯಿಂದ ಒಬ್ಬರೇ ಒಬ್ರು. ಬೆಳಿಗ್ಗೆ ಮಗ ಕೇಳೋದು, ಮಧ್ಯಾಹ್ನ ಅಳಿಯ ಕೇಳೋದು, ರಾತ್ರಿ ದೊಡ್ಡಪ್ಪ ಬಂದು ಬೇರೆ ಥರ ಕೇಳೋದು, ಹಿಂಗಾದ್ರೆ ಮೂರು ಜನಕ್ಕೆ ಮೂರು ಅರ್ಥ ಆಗಿ ಕೊನೆಗೆ ಕಾರಿಡಾರಲ್ಲಿ ಗಲಾಟೆ.

ಹಂತ 1. ಮೊದಲ್ನೇ ದಿನಾನೇ ಬರ್ಕೊಳ್ಳಿ

ಟ್ಯೂಬ್ ಯಾವ ತಾರೀಖು ಎಷ್ಟು ಗಂಟೆಗೆ ಹಾಕಿದ್ರು, ಎಲ್ಲಿ ಹಾಕಿದ್ರು, ತಾಲೂಕು ಆಸ್ಪತ್ರೆಯಲ್ಲಾ, 108 ಆಂಬುಲೆನ್ಸಲ್ಲಾ, ಇಲ್ಲಿ ಬಂದ್ಮೇಲಾ. ಟ್ಯೂಬ್ ಹಾಕೋಕೆ ಮುಂಚೆ ಪ್ರಜ್ಞೆ ಇಲ್ದೆ ವಾಂತಿ ಆಗಿತ್ತಾ, ಯಾಕಂದ್ರೆ ವಾಂತಿ ಶ್ವಾಸಕೋಶಕ್ಕೆ ಇಳಿದಿದ್ರೆ ಆ ನಿಮೋನಿಯಾದ ಕಥೆನೇ ಬೇರೆ. ಹಿಂದಿನ 3 ತಿಂಗಳಲ್ಲಿ ಡ್ರಿಪ್ಪಲ್ಲಿ ಆಂಟಿಬಯೋಟಿಕ್ ಹಾಕಿದ್ರಾ, ಇದನ್ನ ತಪ್ಪದೇ ಹೇಳಿ, ಹಾಕಿದ್ರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬರೋ ಚಾನ್ಸ್ ಜಾಸ್ತಿ. ಕಟ್ಟಿಸಿದ ಹಲ್ಲು ಇದ್ಯಾ, ಅಲ್ಲಾಡೋ ಹಲ್ಲು ಇದ್ಯಾ, ಬೀಡಿ ಸಿಗರೇಟು, ಶುಗರ್ರು, ಯಾವ ಔಷಧಿ ಆಗಲ್ಲ, ಇದೆಲ್ಲಾನೂ.

ಟೈಮ್ ಯಾಕೆ ಬರೀಬೇಕು ಅಂದ್ರೆ, ಟ್ಯೂಬ್ ಹಾಕಿ 48 ಗಂಟೆ ಕಳೆದ್ಮೇಲೆ ಬರೋ ನಿಮೋನಿಯಾಗೆ ವಿಎಪಿ ಅಂತಾರೆ, ಅಂದ್ರೆ ವೆಂಟಿಲೇಟರಲ್ಲಿರುವಾಗ ಬರೋ ನಿಮೋನಿಯಾ. ಅದಕ್ಕಿಂತ ಮುಂಚೆ ಬಂದಿದ್ರೆ ಹೊರಗಿಂದ ಬಂದಿರೋದೇ ಹೆಚ್ಚು. ಯಾವ ಔಷಧಿ ಶುರು ಮಾಡ್ಬೇಕು ಅನ್ನೋದು ಇದ್ರ ಮೇಲೆ ಹೋಗತ್ತೆ.

ಹಂತ 2. ಬ್ಯಾಕ್ಟೀರಿಯಾ ಎಲ್ಲಿಂದ ಬರತ್ತೆ ಅಂತ ತಿಳ್ಕೊಳ್ಳಿ

ಇದೊಂದು ಅರ್ಥ ಆದ್ರೆ ಮುಂದಿಂದೆಲ್ಲಾ ಸಲೀಸು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಬಾಯಿಂದ ಶ್ವಾಸನಾಳಕ್ಕೆ ಇಳಿಸೋ ಟ್ಯೂಬು ಮೆತ್ತಗಿನ ಪ್ಲಾಸ್ಟಿಕ್ಕು, ದೊಡ್ಡೋರಿಗೆ ಒಳಗಿನ ಅಗಲ 7ರಿಂದ 8 ಮಿಲಿಮೀಟರ್ ಅಷ್ಟೇ. ಕೆಳ ತುದಿ ಹತ್ರ ಒಂದು ಪುಟ್ಟ ಬಲೂನ್ ಇರತ್ತೆ, ಕಫ್ ಅಂತಾರೆ (ನಾವು ಉಗಿಯೋ ಕಫ ಅಲ್ಲ ಮತ್ತೆ). ಗಾಳಿ ಸೋರಬಾರ್ದು, ಬಾಯಿನ ಎಂಜಲು ಕೆಳಗೆ ಇಳೀಬಾರ್ದು ಅಂತ ಅದು. ಅದ್ರೊಳಗಿನ ಪ್ರೆಶರ್ರು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿ ಇರ್ಬೇಕು, ಕಮ್ಮಿ ಆದ್ರೆ ಎಂಜಲು ಸೋರತ್ತೆ, ಜಾಸ್ತಿ ಆದ್ರೆ ಶ್ವಾಸನಾಳದ ಗೋಡೆಗೆ ರಕ್ತ ಹರಿಯೋದು ನಿಂತು ಗಾಯ ಆಗತ್ತೆ. ಸರಿಯಾಗೇ ಇದ್ರೂ ಬಲೂನ್ ಮಡಿಕೆ ಸಂದಿಯಲ್ಲಿ ಒಂದೊಂದು ಹನಿ ಜಿನುಗ್ತಾನೇ ಇರತ್ತೆ. ಆ ಹನಿಯಲ್ಲಿ ಇರೋದೇ ಬಾಯಿನ, ಹಲ್ಲಿನ ಪಾಚಿಯ, ಕೆಲವು ಸಲ ಹೊಟ್ಟೆಯಿಂದ ಮೇಲೆ ಬಂದ ಬ್ಯಾಕ್ಟೀರಿಯಾ.

ನಮಗೆ ನಿಮಗೆ ಹಿಂಗೆ ಒಂದು ಹನಿ ಇಳಿದ್ರೆ ಕೆಮ್ಮಿ ಆಚೆ ಹಾಕ್ತೀವಿ. ಅವ್ರಿಗೆ ಮಂಪರು ಔಷಧಿ ಕೊಟ್ಟಿರ್ತಾರೆ, ಧ್ವನಿಪೆಟ್ಟಿಗೆ ಮಧ್ಯ ಟ್ಯೂಬ್ ತೂರ್ಸಿ ಬಾಗಿಲು ತೆರ್ದಿಟ್ಟಿರತ್ತೆ, ಕೆಮ್ಮು ಬರಲ್ಲ. ಟ್ಯೂಬಿನ ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟ್ಕೊಂಡು ತಮ್ಮ ಸುತ್ತ ಒಂದು ಲೋಳೆ ಕಟ್ಕೊಳ್ತವೆ, ಬಯೋಫಿಲ್ಮ್ ಅಂತಾರೆ ಅದಕ್ಕೆ, ಒಂದೆರಡು ದಿನದೊಳಗೇ ಶುರು ಆಗೋದು ಸಾಮಾನ್ಯ. ಡ್ರಿಪ್ ಹಾಕಿರೋ ತೋಟದೋರಿಗೆ ಇದು ಬೇಗ ಗೊತ್ತಾಗತ್ತೆ, ಹಳೇ ಲ್ಯಾಟರಲ್ ಪೈಪ್ ಸೀಳಿದ್ರೆ ಒಳಗೆ ಲೋಳೆ ಕಟ್ಟಿರತ್ತಲ್ಲ, ಎಷ್ಟು ನೀರು ಬಿಟ್ರೂ ಕಿತ್ಕೊಂಡು ಹೋಗಲ್ಲ, ಹಂಗೆ. ವಾರದ ಮೇಲೆ ಇದ್ದು ತೆಗ್ದ ಟ್ಯೂಬನ್ನ ಲೈಟಿಗೆ ಹಿಡಿದ್ರೆ ತುದಿ ಕಡೆ ಹಳದಿ ಕಂದು ಬಣ್ಣದ ಪದರ ಕಾಣತ್ತೆ, ಗ್ಲೌಸ್ ಬೆರಳಲ್ಲಿ ಒರೆಸಿದ್ರೆ ಜಾರತ್ತೆ ಆದ್ರೆ ಪೂರ್ತಿ ಬರಲ್ಲ. ರಕ್ತಕ್ಕೆ ಹಾಕಿದ ಆಂಟಿಬಯೋಟಿಕ್ ಆ ಲೋಳೆ ಒಳಗೆ ಸರಿಯಾಗಿ ತಲುಪೋದೇ ಇಲ್ಲ.

ಹಿಂಗೆ ಬಂದು ಬೀಡು ಬಿಟ್ಟಿರೋದಕ್ಕೆ ಕಾಲೊನೈಸೇಶನ್ ಅಂತಾರೆ. ಬ್ಯಾಕ್ಟೀರಿಯಾ ಇದೆ, ಆದ್ರೆ ಇನ್ನೂ ಕಾಯಿಲೆ ಮಾಡಿಲ್ಲ. ಅದೇ ಶ್ವಾಸಕೋಶಕ್ಕೆ ಇಳಿದು ನಂಜು ಮಾಡಿದ್ರೆ ಇನ್ಫೆಕ್ಷನ್ನು. ಎರಡೂ ಒಂದೇ ಅಂದ್ಕೊಳ್ಳೋದೇ ಎಲ್ಲಾ ಗಾಬರಿಗೂ ಮೂಲ.

ನಮ್ಮ ಕಡೆ ಇನ್ನೊಂದು ವಿಷ್ಯ ಇದೆ. ತೋಟಕ್ಕೆ ಹೊಡಿಯೋ ಕೀಟನಾಶಕ ಮೈಗೆ ಸೇರಿ ಬರೋರು, ನಾಗರಹಾವು ಕಟ್ಟುಹಾವು ಕಚ್ಚಿ ಬರೋರು, ಹೈವೇಲಿ ಬಿದ್ದು ತಲೆಗೆ ಪೆಟ್ಟಾಗಿ ಬರೋರು, ಇವ್ರೇ ವೆಂಟಿಲೇಟರಲ್ಲಿ ಜಾಸ್ತಿ. ಆರ್ಗ್ಯಾನೋಫಾಸ್ಫರಸ್ ಜಾತಿ ಕೀಟನಾಶಕದಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಕತ್ತು, ಉಸಿರಾಟದ ಸ್ನಾಯು ಸೋತು, "ನಿನ್ನೆ ಚೆನ್ನಾಗಿ ಮಾತಾಡ್ತಿದ್ರು" ಅನ್ನೋರಿಗೂ ಟ್ಯೂಬ್ ಹಾಕೋ ಹಂಗೆ ಆಗತ್ತೆ, ಆಮೇಲೆ ವಾರ ಎರಡು ವಾರ ಹಿಡಿಯತ್ತೆ. ಆ ವಿಷಕ್ಕೆ ಕೊಡೋ ಅಟ್ರೋಪಿನ್ ಅನ್ನೋ ಔಷಧಿ ಹಾಕಿದ್ರೆ ಕಫ ಒಣಗಿ ಗಟ್ಟಿ ಆಗತ್ತೆ, ಎಳೆಯೋದು ಕಷ್ಟ. ದಿನ ಜಾಸ್ತಿ ಆದಷ್ಟೂ ಬೀಡೂ ಗಟ್ಟಿ.

ಹಂತ 3. ನಿಮ್ಮ ಕೈ

ಒಳಗೆ ಬಿಡೋದು ದಿನಕ್ಕೆ ಒಂದೋ ಎರಡೋ ಸಲ, ಅಷ್ಟರಲ್ಲಿ ನೀವು ಮಾಡ್ಬಹುದಾದ ದೊಡ್ಡ ಕೆಲ್ಸ ಇದೇ.

ಬೆಳಗಿನ ಜಾವ ಮಂಡಿಯಲ್ಲಿ ಟೊಮ್ಯಾಟೊ ಕ್ರೇಟ್ ಇಳ್ಸಿ, ಬಸ್ಸಿನ ಕಂಬಿ ಹಿಡ್ಕೊಂಡು ಬಂದಿರ್ತೀರ, ಕೈ ಮಣ್ಣಾಗಿದ್ರೆ ಸ್ಯಾನಿಟೈಸರ್ ಸಾಲಲ್ಲ, ಮೊದ್ಲು ಸೋಪು ನೀರಲ್ಲಿ 40ರಿಂದ 60 ಸೆಕೆಂಡ್ ತೊಳೀಬೇಕು. ಕೈ ಕಣ್ಣಿಗೆ ಕ್ಲೀನ್ ಇದ್ರೆ ಬಾಗಿಲಲ್ಲಿರೋ ಹ್ಯಾಂಡ್‌ರಬ್ 20ರಿಂದ 30 ಸೆಕೆಂಡ್, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಎಲ್ಲಾ, ಒಣಗೋವರೆಗೂ. ಉಂಗುರ ಬಳೆ ತೆಗ್ದಿಡಿ. ಹೊರಗೆ ಬರುವಾಗ ಇನ್ನೊಂದು ಸಲ, ಇದನ್ನ ಯಾರೂ ಮಾಡಲ್ಲ.

ಎಲ್ರೂ ಮಾಡೋ ಎಡವಟ್ಟುಗಳು: ಕೈ ಉಜ್ಕೊಂಡ ತಕ್ಷಣ ಜೇಬಿಂದ ಫೋನ್ ತೆಗೆಯೋದು, ಅಲ್ಲಿಗೆ ಮುಗೀತು ಕೈ ತೊಳ್ದಿದ್ದು. ಗೌನ್ ಹಾಕ್ಕೊಂಡಿದೀನಲ್ಲ ಸಾಕು ಅನ್ಕೊಳ್ಳೋದು. ಪಕ್ಕದ ಬೆಡ್ಡಲ್ಲಿರೋರು ನಮ್ಮೂರೋರೇ ಅಂತ ಹೋಗಿ ಕೈ ಹಿಡ್ದು ಮಾತಾಡ್ಸಿ ಮತ್ತೆ ನಿಮ್ಮೋರ ಹತ್ರ ಬರೋದು. ಇದು ತೀರಾ ಡೇಂಜರು, ಯಾಕಂದ್ರೆ ಅಸಿನೆಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಒಣಗಿದ ಬೆಡ್ ಕಂಬಿ ಮೇಲೂ ದಿನಗಟ್ಲೆ, ವಾರಗಟ್ಲೆ ಬದುಕಿರತ್ತೆ. ಮಾತಾಡ್ಸಿ ಬೇಡ ಅನ್ನಲ್ಲ, ದೂರದಿಂದ ಮಾತಾಡ್ಸಿ.

ನಮ್ಮ ಸ್ಟಾಫ್ ಯಾರಾದ್ರೂ ಕೈ ಉಜ್ದೇ ಟ್ಯೂಬ್ ಮುಟ್ಟೋಕೆ ಬಂದ್ರೆ "ಸಿಸ್ಟರ್, ಹ್ಯಾಂಡ್‌ರಬ್ ಆಯ್ತಾ?" ಅಂತ ಕೇಳಿ. ಮೆಲ್ಲಗೆ ಕೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ, ಮಾಡ್ಕೊಂಡ್ರೂ ಪರ್ವಾಗಿಲ್ಲ.

ಹಂತ 4. ಮಂಚ, ಬಾಯಿ

ಮಂಚದ ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿರ್ಬೇಕು, ಹೊಟ್ಟೆಯಲ್ಲಿರೋದು ಮೇಲೆ ಬಂದು ಗಂಟಲಿಗೆ ಸೇರದೇ ಇರ್ಲಿ ಅಂತ. ಮೂಗಿನ ಪೈಪಲ್ಲಿ ಗಂಜಿ ಹಾಕುವಾಗಂತೂ ಬೇಕೇ ಬೇಕು. ಚಪ್ಪಟೆ ಮಲಗಿಸಿದ್ರೆ ಕೇಳಿ, ಆದ್ರೆ ನೀವೇ ಹ್ಯಾಂಡಲ್ ತಿರುಗಿಸ್ಬೇಡಿ. ಕತ್ತಿನ ಮೂಳೆಗೆ ಪೆಟ್ಟಾಗಿದ್ರೆ, ಬಿಪಿ ತೀರಾ ಬಿದ್ದಿದ್ರೆ ಬೇಕು ಅಂತಲೇ ಹಂಗೆ ಮಲಗಿಸಿರ್ತಾರೆ.

ಬಾಯಿ ವಿಷ್ಯ. ಮೆತ್ತಗಿನ ಹೊಸ ಟೂತ್‌ಬ್ರಶ್ ಒಂದು ತಂದ್ಕೊಡಿ, ಹಲ್ಲಿನ ಪಾಚಿ ಹೋದ್ರೆ ಕೆಳಗೆ ಇಳಿಯೋ ಬ್ಯಾಕ್ಟೀರಿಯಾನೂ ಕಮ್ಮಿ. ಬ್ರಶ್ ಮಾಡೋದು ನಾವು, ನೀವಲ್ಲ, ಟ್ಯೂಬ್ ಜರುಗಿದ್ರೆ ಪ್ರಾಣಕ್ಕೇ ಬರತ್ತೆ. ಮೊದ್ಲು ಎಲ್ಲಾ ಕಡೆ ಕ್ಲೋರ್‌ಹೆಕ್ಸಿಡಿನ್ ಅನ್ನೋ ಬ್ಯಾಕ್ಟೀರಿಯಾ ಕೊಲ್ಲೋ ಲಿಕ್ವಿಡ್ ಹಚ್ಚೋದೇ ರೂಢಿ, 2022ರಲ್ಲಿ ಬಂದ ಅಮೆರಿಕದ ಮಾರ್ಗಸೂಚಿ ಅದು ಬೇಡ ಬ್ರಶ್ ಮಾಡಿ ಅಂತು, ಇಲ್ಲಿ ಸದ್ಯಕ್ಕೆ ಎರಡೂ ನಡೀತಿದೆ, ಅದಕ್ಕೋಸ್ಕರ ಜಗಳ ಬೇಡ.

ದೊಡ್ಡ ಎಚ್ಚರಿಕೆ: ಬಾಯಿಗೆ ತೀರ್ಥ, ತುಳಸಿ ನೀರು, ಎಳನೀರು, ಜೇನುತುಪ್ಪ ಏನೂ ಬಿಡ್ಬೇಡಿ. ಒಂದು ಹನಿ ತಾನೇ ಅಂತೀರ, ಆ ಹನಿ ಸೀದಾ ಹೋಗಿ ಬಲೂನ್ ಮೇಲೆ ಕೂರತ್ತೆ, ಅಲ್ಲಿಂದ ಕೆಳಗೆ. ವಿಭೂತಿ ಕುಂಕುಮ ಹಣೆಗೆ ಇಡಿ, ಪ್ರಸಾದ ದಿಂಬಿನ ಹತ್ರ ಬೇಡ, ಕವರಲ್ಲಿ ಕಟ್ಟಿ ನೀವೇ ಇಟ್ಕೊಳ್ಳಿ. ಇದನ್ನ ಮನೆ ಹಿರಿಯರಿಗೆ ಮೊದ್ಲೇ ಹೇಳಿ ಕಳ್ಸಿ, ಬೆಡ್ ಹತ್ರ ನಿಂತು ಅವ್ರ ಕೈಯಿಂದ ಕಿತ್ಕೊಳ್ಳೋಕೆ ನಮಗೂ ಮನಸ್ಸು ಬರಲ್ಲ.

ಹಂತ 5. ಸಕ್ಷನ್ನು, ಪೈಪಲ್ಲಿ ನೀರು

ಸಕ್ಷನ್ ಅಂದ್ರೆ ಸಣ್ಣ ಪೈಪ್ ಇಳ್ಸಿ ಕಫ ಎಳೆಯೋದು. ಪೇಶೆಂಟ್ ಮುಖ ಕೆಂಪಾಗತ್ತೆ, ಕೆಮ್ಮಿ ಒದ್ದಾಡ್ತಾರೆ, ನೋಡೋಕಾಗಲ್ಲ, ಆಚೆ ಹೋಗಿ ನಿಂತ್ಕೊಳ್ಳಿ. ಗಂಟೆಗೊಂದ್ಸಲ ಮಾಡಿ ಅಂತ ಒತ್ತಾಯ ಮಾಡ್ಬೇಡಿ. ಸಕ್ಷನ್ ಪೈಪ್ ಇಳಿಸುವಾಗ ಟ್ಯೂಬಿನ ಲೋಳೆ ಚೂರು ಚೂರು ಕೆಳಗೆ ತಳ್ಳಿದಂಗೂ ಆಗತ್ತೆ, ಅದಕ್ಕೆ ಕಫ ಇದ್ದಾಗ ಮಾತ್ರ ಮಾಡ್ತೀವಿ.

ವೆಂಟಿಲೇಟರಿನ ಉದ್ದ ಪೈಪಲ್ಲಿ ನೀರು ನಿಂತಿರೋದು ಕಂಡ್ರೆ ನೀವು ಪೈಪ್ ಎತ್ಬೇಡಿ, ಎತ್ತಿದ್ರೆ ಆ ನೀರು ಪೇಶೆಂಟ್ ಕಡೆಗೇ ಹೋಗತ್ತೆ. ನಮ್ಮನ್ನ ಕರೀರಿ.

"ಟ್ಯೂಬಲ್ಲಿ ಬ್ಯಾಕ್ಟೀರಿಯಾ ಇದ್ರೆ ಹೊಸ ಟ್ಯೂಬ್ ಹಾಕ್ಬಿಡಿ, ದುಡ್ಡು ಕೊಡ್ತೀವಿ" ಅಂತಾರೆ. ದುಡ್ಡಿನ ಪ್ರಶ್ನೆ ಅಲ್ಲ ಅದು. ತೆಗ್ದು ಮತ್ತೆ ಹಾಕೋದ್ರಿಂದ್ಲೇ ನಿಮೋನಿಯಾ ಅಪಾಯ ಜಾಸ್ತಿ ಆಗತ್ತೆ, ಟ್ಯೂಬ್ ಕಟ್ಕೊಂಡಿದ್ರೆ ಅಥ್ವಾ ಬಲೂನ್ ಒಡೆದಿದ್ರೆ ಮಾತ್ರ ಬದಲಾಯಿಸ್ತಾರೆ. ಬೆಳ್ಳಿ ಲೇಪನದ ಟ್ಯೂಬ್ ಬಗ್ಗೆನೂ ಲಿಂಕ್ ಕಳಿಸ್ತಾರೆ. 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ವಿಎಪಿ ಶೇ 7.5ರಿಂದ ಶೇ 4.8ಕ್ಕೆ ಇಳಿದಿದ್ದು ನಿಜ, ಆದ್ರೆ ಸಾವಾಗ್ಲಿ ವೆಂಟಿಲೇಟರ್ ದಿನಗಳಾಗ್ಲಿ ಕಮ್ಮಿ ಆಗ್ಲಿಲ್ಲ. ಅದಕ್ಕೋಸ್ಕರ ಬೆಂಗಳೂರೆಲ್ಲಾ ಅಲೆಯೋದು ಬೇಡ.

ಹಂತ 6. ಕಲ್ಚರ್ ರಿಪೋರ್ಟ್ ಓದೋದು

ಕಲ್ಚರ್ ಅಂದ್ರೆ ಕಫ ತಗೊಂಡು ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋದು. 2ರಿಂದ 3 ದಿನ ಬೇಕು, "ಇನ್ನೂ ಬಂದಿಲ್ವಾ" ಅಂತ ಲ್ಯಾಬ್ ಕಿಟಕಿ ಹತ್ರ ನಿಂತ್ರೆ ಬೇಗ ಬೆಳೆಯಲ್ಲ. ರಿಪೋರ್ಟ್ ಕೈಗೆ ಬಂದ್ಮೇಲೆ ಹೀಗೆ ನೋಡಿ.

ಮೊದ್ಲು ಸ್ಯಾಂಪಲ್ ಏನು ಅಂತ. ಟ್ಯೂಬಿಂದ ಎಳ್ದ ಕಫ ಆಗಿದ್ರೆ ಇಟಿ ಆಸ್ಪಿರೇಟ್ ಅಥ್ವಾ ಟ್ರೇಕಿಯಲ್ ಆಸ್ಪಿರೇಟ್ ಅಂತಿರತ್ತೆ. ಬ್ರಾಂಕೋಸ್ಕೋಪ್ (ಕ್ಯಾಮೆರಾ ಇರೋ ಸಣ್ಣ ಪೈಪು) ಬಿಟ್ಟು ಶ್ವಾಸಕೋಶದ ಆಳ ತೊಳೆದು ತೆಗ್ದಿದ್ರೆ ಬಿಎಎಲ್ ಅಂತಿರತ್ತೆ, ಇದು ಹೆಚ್ಚು ನಂಬಬಹುದು.

ಆಮೇಲೆ ಪಸ್ ಸೆಲ್ಸ್, ಎಪಿಥೀಲಿಯಲ್ ಸೆಲ್ಸ್. ಪಸ್ ಸೆಲ್ಸ್ ಅಂದ್ರೆ ಕೀವಿನ ಕಣ, ದೇಹ ಹೋರಾಡ್ತಿದೆ ಅಂತ. ಎಪಿಥೀಲಿಯಲ್ ಸೆಲ್ಸ್ ಅಂದ್ರೆ ಬಾಯಿ ಒಳಪದರದಿಂದ ಉದುರೋ ಕಣ, ಅವು ಜಾಸ್ತಿ, ಪಸ್ ಸೆಲ್ಸ್ ಕಮ್ಮಿ ಇದ್ರೆ ಸ್ಯಾಂಪಲ್ಲಿಗೆ ಬಾಯಿನ ಎಂಜಲು ಸೇರಿರಬಹುದು.

ಆಮೇಲೆ ಬ್ಯಾಕ್ಟೀರಿಯಾ ಹೆಸ್ರು. ನಮ್ಮ ಐಸಿಯುಗಳಲ್ಲಿ ಕಾಣೋದು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸೂಡೋಮೊನಾಸ್, ಕೆಲವು ಸಲ ಸ್ಟೆಫೈಲೋಕಾಕಸ್. ಹೆಸ್ರು ಗೂಗಲ್ ಮಾಡಿದ್ರೆ ಸೂಪರ್‌ಬಗ್ ಅಂತ ಬರತ್ತೆ, ಆ ಹೆಸ್ರು ಒಂದರಿಂದಲೇ ಪೇಶೆಂಟ್ ಸ್ಥಿತಿ ಗೊತ್ತಾಗಲ್ಲ.

ಆಮೇಲೆ ಎಷ್ಟು ಬೆಳೆದಿದೆ. ಸಂಖ್ಯೆ ಕೊಟ್ಟಿದ್ರೆ, ಇಟಿ ಆಸ್ಪಿರೇಟಲ್ಲಿ ಒಂದು ಎಂಎಲ್‌ಗೆ 1 ಲಕ್ಷದಿಂದ 10 ಲಕ್ಷ ದಾಟಿದ್ರೆ ಡಾಕ್ಟ್ರು ಸೀರಿಯಸ್ಸಾಗಿ ತಗೋತಾರೆ, ಬಿಎಎಲ್‌ನಲ್ಲಿ 10 ಸಾವಿರ. ಬಹಳ ಲ್ಯಾಬುಗಳು ಸಂಖ್ಯೆ ಕೊಡಲ್ಲ, ಸ್ಕ್ಯಾಂಟಿ, ಮಾಡರೇಟ್, ಹೆವಿ ಗ್ರೋತ್ ಅಂತ ಬರೀತಾರೆ, ಅಂದ್ರೆ ಅಲ್ಪ, ಮಧ್ಯಮ, ಜಾಸ್ತಿ.

ಕೊನೆಗೆ ಔಷಧಿಗಳ ಪಟ್ಟಿ. ಎಸ್ ಅಂದ್ರೆ ಆ ಔಷಧಿಗೆ ಬಗ್ಗತ್ತೆ, ಆರ್ ಅಂದ್ರೆ ಬಗ್ಗಲ್ಲ, ಐ ಅಂದ್ರೆ ಮಧ್ಯದಲ್ಲಿ. ಉದ್ದಕ್ಕೂ ಆರ್ ಆರ್ ಆರ್ ಅಂತ ಇದ್ದು ಕೊಲಿಸ್ಟಿನ್ (ಬೇರೆ ಔಷಧಿ ಕೆಲ್ಸ ಮಾಡ್ದೇ ಇದ್ದಾಗ ಕೊಡೋ ಆಂಟಿಬಯೋಟಿಕ್) ಮುಂದೆ ಮಾತ್ರ ಐ ಅಂತ ಇದ್ರೆ "ಅದೂ ಅರ್ಧಂಬರ್ಧಾನಾ" ಅಂತ ಕಂಗಾಲಾಗ್ಬೇಡಿ. 2020ರಿಂದ ಬಹಳ ಲ್ಯಾಬುಗಳು ಪಾಲಿಸೋ ಅಮೆರಿಕದ ನಿಯಮದಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ಕೊಲಿಸ್ಟಿನ್ನಿಗೆ ಎಸ್ ಅನ್ನೋ ಕಾಲಮ್ಮೇ ಇಲ್ಲ, ಐ ಅಥ್ವಾ ಆರ್ ಅಷ್ಟೇ.

ಈಗ ಅಸಲಿ ಪ್ರಶ್ನೆ, ಇದು ಬರೀ ಬೀಡೋ, ಕಾಯಿಲೆನೋ? ರಿಪೋರ್ಟ್ ಅದನ್ನ ಹೇಳಲ್ಲ, ಪೇಶೆಂಟ್ ಹೇಳ್ಬೇಕು. ಡಾಕ್ಟ್ರನ್ನ ಹೀಗೆ ಕೇಳಿ: ಎಕ್ಸ್‌ರೇಲಿ ಹೊಸ ಬಿಳಿ ಮಚ್ಚೆ ಬಂದಿದ್ಯಾ? ಜ್ವರ ಹೊಸ್ದಾಗಿ ಬಂತಾ? ಬಿಳಿ ರಕ್ತಕಣ ಏರಿದ್ಯಾ, ತೀರಾ ಇಳಿದಿದ್ಯಾ? ಕಫ ಜಾಸ್ತಿ ಆಗಿ ಕೀವಿನ ಥರ ಆಗಿದ್ಯಾ? ಆಕ್ಸಿಜನ್ ಮೊನ್ನೆಗಿಂತ ಜಾಸ್ತಿ ಬೇಕಾಗ್ತಿದ್ಯಾ? ಎಕ್ಸ್‌ರೇಲಿ ಹೊಸ ಮಚ್ಚೆ ಇದ್ದು, ಜೊತೆಗೆ ಮಿಕ್ಕಿದ್ರಲ್ಲಿ ಒಂದೆರಡು ಇದ್ರೆ ಇನ್ಫೆಕ್ಷನ್ ಅಂತ ನೋಡ್ತಾರೆ. ಯಾವ್ದೂ ಇಲ್ದೆ ಬರೀ ಗ್ರೋತ್ ಇದ್ರೆ ಅದು ಬರೀ ಬೀಡು, ಆಂಟಿಬಯೋಟಿಕ್ ಬೇಕಾಗಲ್ಲ. ಈ ಕಡೆ ಪೇಶೆಂಟ್ ಸುಧಾರಿಸ್ತಾ ಇದ್ದು ಆ ಕಡೆ ರಿಪೋರ್ಟಲ್ಲಿ ಹೆವಿ ಗ್ರೋತ್ ಅಂತ ಬರೋದು ನಮಗೆ ಮಾಮೂಲಿ.

ಹಂತ 7. ಆಂಟಿಬಯೋಟಿಕ್ ಮಾತು

"ದೊಡ್ಡ ಇಂಜೆಕ್ಷನ್ ಹಾಕಿ ಸಾರ್, ಎಷ್ಟಾದ್ರೂ ಆಗ್ಲಿ" ಅಂತ ಪೇಶೆಂಟ್ ಕಡೆಯೋರು ಒತ್ತಾಯ ಮಾಡೋದನ್ನ ದಿನಾ ನೋಡ್ತೀನಿ, ಕೆಲವು ಡಾಕ್ಟ್ರು ಗಲಾಟೆ ಬೇಡ ಅಂತ ಹಾಕ್ಬಿಡ್ತಾರೆ ಅನ್ನೋದೂ ಸುಳ್ಳಲ್ಲ. ಬೇಡದ ಕಡೆ ಹಾಕಿದ್ರೆ ಬಗ್ಗೋ ಬ್ಯಾಕ್ಟೀರಿಯಾ ಸತ್ತು ಬಗ್ಗದೇ ಇರೋದು ಉಳ್ಕೊಂಡು ಟ್ಯೂಬ್ ಪೂರ್ತಿ ಅದ್ರದ್ದೇ ಆಗತ್ತೆ. ಕೊಲಿಸ್ಟಿನ್ ಕಿಡ್ನಿಗೆ ಏಟು ಕೊಡಬಹುದು, ಅದು ನಡೀತಿದ್ರೆ ಕ್ರಿಯಾಟಿನಿನ್ (ಕಿಡ್ನಿ ಹೆಂಗಿದೆ ಅಂತ ತೋರ್ಸೋ ರಕ್ತದ ಟೆಸ್ಟು) ಎಷ್ಟು, ಮೂತ್ರ ಎಷ್ಟು ಹೋಗ್ತಿದೆ ಅಂತ ದಿನಾ ಕೇಳಿ ಬರ್ಕೊಳ್ಳಿ.

ನಿಜವಾಗ್ಲೂ ವಿಎಪಿ ಆಗಿದ್ರೆ ಕೊಡ್ಲೇಬೇಕು, ಆಗ ತಡ ಮಾಡೋದು ತಪ್ಪು. ಕಲ್ಚರ್ ಬರೋವರೆಗೂ ಕಾಯದೇನೇ ಶುರು ಮಾಡ್ತಾರೆ, ಬಂದ್ಮೇಲೆ ಬದಲಾಯಿಸ್ತಾರೆ ಅಥ್ವಾ ಕಮ್ಮಿ ಮಾಡ್ತಾರೆ. ಕಮ್ಮಿ ಮಾಡಿದ್ರೆ "ಕೈಬಿಟ್ರು" ಅಂತಲ್ಲ. ಸಾಮಾನ್ಯವಾಗಿ 7 ದಿನದ ಕೋರ್ಸ್ ಸಾಕು. ಮುಗಿದ್ಮೇಲೂ ಟ್ಯೂಬಿನ ಕಫದಲ್ಲಿ ಅದೇ ಬ್ಯಾಕ್ಟೀರಿಯಾ ಮತ್ತೆ ಬೆಳೀಬಹುದು, ಲೋಳೆ ಅಲ್ಲೇ ಇರತ್ತಲ್ಲ. ಪೇಶೆಂಟ್ ಚೆನ್ನಾಗಿದ್ರೆ ನೆಗೆಟಿವ್ ಬರೋವರೆಗೂ ಟೆಸ್ಟ್ ಮಾಡ್ಸೋ ಅಗತ್ಯ ಇಲ್ಲ.

ಹಂತ 8. ದಿನಾ ಕೇಳ್ಬೇಕಾದ ಒಂದೇ ಪ್ರಶ್ನೆ

"ಇವತ್ತು ಟ್ಯೂಬ್ ತೆಗೆಯೋಕೆ ಆಗತ್ತಾ ಡಾಕ್ಟ್ರೇ, ಆಗ್ದೇ ಇದ್ರೆ ಏನು ಅಡ್ಡ ಇದೆ?" ಇದೊಂದನ್ನ ಬೆಳಗಿನ ರೌಂಡ್ಸಲ್ಲಿ ಕೇಳಿ. ಯಾವ ಇಂಜೆಕ್ಷನ್ನಿಗಿಂತ್ಲೂ ಇದು ದೊಡ್ಡದು ಅನ್ನೋದು ನನ್ನ ಅಭಿಪ್ರಾಯ, ಟ್ಯೂಬ್ ಹೋದ್ರೆ ಬೀಡಿನ ಜಾಗಾನೇ ಹೋಯ್ತು.

ತೆಗೆಯೋಕೆ ಮುಂಚೆ ಮಂಪರು ಔಷಧಿ ನಿಲ್ಸಿ ಎಚ್ಚರ ಮಾಡ್ತಾರೆ, ಆಮೇಲೆ ಮೆಷಿನ್ ಸಪೋರ್ಟ್ ಇಳ್ಸಿ 30 ನಿಮಿಷದಿಂದ 2 ಗಂಟೆ ತಾವೇ ಉಸಿರಾಡೋಕೆ ಬಿಡ್ತಾರೆ. ಇದಕ್ಕೆ ಎಸ್‌ಬಿಟಿ ಅಂತಾರೆ. ಫೇಲ್ ಆದ್ರೆ ನಾಳೆ ಮತ್ತೆ. ಎಚ್ಚರ ಆದಾಗ ಗಾಬರಿಯಲ್ಲಿ ಟ್ಯೂಬ್ ಕಿತ್ಕೊಳ್ಳೋಕೆ ಹೋಗ್ತಾರೆ, ಅದಕ್ಕೇ ಕೈ ಕಟ್ಟಿರೋದು, ನೀವು ಮರುಗಿ ಬಿಚ್ಬೇಡಿ. ಬದ್ಲಿಗೆ ಹತ್ರ ನಿಂತು ಹೆಸರಿಡ್ದು ಕರೆದು ಎಲ್ಲಿದಾರೆ, ಯಾವ ವಾರ, ಬಾಯಲ್ಲಿ ಯಾಕೆ ಪೈಪಿದೆ ಅಂತ ಹೇಳಿ, ನಿಮ್ಮ ಧ್ವನಿ ಕೇಳಿದ್ರೆ ಎಷ್ಟೋ ಜನ ತಣ್ಣಗಾಗ್ತಾರೆ.

ವಾರ ಹತ್ತು ದಿನ ಆದ್ರೂ ಆಗ್ದೇ ಇದ್ರೆ ಕತ್ತಿನಲ್ಲಿ ಸಣ್ಣ ತೂತು ಮಾಡಿ ಟ್ಯೂಬ್ ಹಾಕೋ ಮಾತು ಬರತ್ತೆ, ಟ್ರೇಕಿಯಾಸ್ಟಮಿ. ಕತ್ತು ಕುಯ್ತಾರೆ ಅಂತ ಹೆದ್ರಿ ಸಹಿ ಹಾಕ್ದೆ ದಿನ ತಳ್ಳೋದು ನಮ್ಮ ಕಡೆ ತುಂಬಾ. ಅದು ಕೊನೇ ಉಪಾಯ ಅಲ್ಲ. ಬಾಯಿ ಫ್ರೀ ಆಗತ್ತೆ, ಮಂಪರು ಕಮ್ಮಿ ಸಾಕು, ಬೇಡ ಅಂದಾಗ ತೆಗೀಬಹುದು, ತೂತು ತಾನೇ ಮುಚ್ಕೊಳ್ಳೋದೇ ಹೆಚ್ಚು.

ಹಂತ 9. ಬೆಂಗಳೂರಿಗೆ ಕರ್ಕೊಂಡು ಹೋಗೋದಾ?

ಬರೀ ಕಲ್ಚರಲ್ಲಿ ಗ್ರೋತ್ ಬಂತು ಅಂತ ಹೋಗೋದು ಬೇಡ. ಎರಡು ಗಂಟೆ ಆಂಬುಲೆನ್ಸಲ್ಲಿ ಅಲ್ಲಾಡ್ಕೊಂಡು ಹೋದ್ರೆ ಟ್ಯೂಬ್ ಜರುಗೋ, ಎಂಜಲು ಇಳಿಯೋ ಅಪಾಯ ಇದೆ, ಮತ್ತೆ ಅಲ್ಲಿನ ಐಸಿಯುಲೂ ಇದೇ ಬ್ಯಾಕ್ಟೀರಿಯಾಗಳೇ ಇರೋದು. ಇಲ್ಲಿಲ್ಲದ ಚಿಕಿತ್ಸೆ ಬೇಕು ಅಂತ ಡಾಕ್ಟ್ರು ಹೇಳಿದ್ರೆ ಹೋಗಿ. ಮೊದ್ಲು ಅಲ್ಲಿ ವೆಂಟಿಲೇಟರ್ ಬೆಡ್ ಇದೆ ಅಂತ ಫೋನಲ್ಲಿ ಪಕ್ಕಾ ಮಾಡ್ಕೊಳ್ಳಿ, ಆಯುಷ್ಮಾನ್ ಕಾರ್ಡಲ್ಲಿ ಹೋಗೋದಾದ್ರೆ ರೆಫರಲ್ ಚೀಟಿ ಇಲ್ಲೇ ಕೇಳಿ ತಗೊಳ್ಳಿ. ಜೊತೆಗೆ ಎಲ್ಲಾ ಕಲ್ಚರ್ ರಿಪೋರ್ಟು, ಕೊನೇ ಎರಡು ಎಕ್ಸ್‌ರೇ, ಯಾವ ಆಂಟಿಬಯೋಟಿಕ್ ಯಾವ ದಿನದಿಂದ, ಟ್ಯೂಬ್ ಹಾಕಿದ ತಾರೀಖು. ನಿಮ್ಮ ನೋಟ್‌ಬುಕ್ ಅಲ್ಲಿ ಕೆಲ್ಸಕ್ಕೆ ಬರತ್ತೆ. ಬಗ್ಗದ ಬ್ಯಾಕ್ಟೀರಿಯಾ ಇದ್ರೆ ಅದನ್ನ ಮುಚ್ಚಿಡ್ಬೇಡಿ, ಬೆಡ್ ಕೊಡಲ್ವೇನೋ ಅಂತ ಹೆದ್ರಿ ಮುಚ್ಚಿಟ್ರೆ ಮೊದಲ ಮೂರು ದಿನ ತಪ್ಪು ಔಷಧಿಯಲ್ಲಿ ಕಳೆಯತ್ತೆ.

ಟ್ಯೂಬ್ ತೆಗೆದ್ಮೇಲೆ

ಗಂಟಲು ನೋವು, ಧ್ವನಿ ಕೀರಲು ಕೆಲವು ದಿನ ಇರತ್ತೆ. ತಕ್ಷಣ ಕಾಫಿ, ನೀರು ಕೇಳ್ತಾರೆ, ಕೊಡ್ಬೇಡಿ, ನುಂಗೋ ಶಕ್ತಿ ವಾಪಸ್ ಬಂದಿದ್ಯಾ ಅಂತ ನೋಡಿ ನಾವು ಹೇಳಿದ್ಮೇಲೆ ಸ್ವಲ್ಪ ಸ್ವಲ್ಪ, ಕೂರಿಸಿ ಕೊಡಿ. ಕೆಮ್ಮಿ ಉಗೀಲಿ, ಒಳ್ಳೇದೇ. ಮತ್ತೆ ಜ್ವರ ಬಂದ್ರೆ, ಉಸಿರು ಸುಯ್ ಅಂತ ಸದ್ದು ಮಾಡಿದ್ರೆ, ಮಾತು ತೊದಲಿ ಮಂಕಾದ್ರೆ ಬೆಳಗಿನ ರೌಂಡ್ಸಿಗೆ ಕಾಯ್ಬೇಡಿ, ಆಗ್ಲೇ ಡ್ಯೂಟಿ ಸಿಸ್ಟರ್‌ನ ಕರೀರಿ, ರಾತ್ರಿ ಮೂರು ಗಂಟೆ ಆದ್ರೂ.